ಗೋಡೆಯ ಮೇಲಿನ ಚಿತ್ರ

ಅಣ್ಣಾ ನಗರ್, ಚೆನ್ನೈ
೧೪ ಜುಲೈ ೨೦೨೪

ಪ್ರೀತಿಯ ಯಜಮಾನರಿಗೆ ಸುವರ್ಣಳ ಶರಣು.

ದಾವಣಗೆರೆಯಲ್ಲಿ ಅತ್ತೆಯವರ ಮಂಡಿನೋವು ಹೇಗಿದೆ? ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ತಾಯಿಮನೆಯ ರೊಟ್ಟಿ ಸಿಕ್ಕಿತೆಂದು ಉಪ್ಪಿನಕಾಯಿ ಜಾಡಿ ಖಾಲಿ ಮಾಡಬೇಡಿ. ನಾನೂ ಮಗಳು ತನುಶ್ರೀಯೂ ಕ್ಷೇಮ.

ತನುಶ್ರೀ ಕಳಿಸಿದ ಮಿದುಳಿನ ಚಿತ್ರ ನೋಡಿ ನಿನ್ನೆ ಫೋನಿನಲ್ಲಿ ನೀವು "ಪಾಪ, ನಿಂಗೆ ನಿಜವಾಗ್ಲೂ ಕೇಳಿಸ್ತೈತೆ ಕಣೆ" ಎಂದು ಮರುಗಿದಿರಿ. ನನಗೆ ಮೈ ಉರಿಯಿತು. ಫೋನಿನಲ್ಲೇ ಹೇಳಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತದೆ ಎಂದು ನಾನು ಹೇಳತೊಡಗಿ ವರ್ಷಗಳಾದವು. ಕಿವಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ನೀವು ಅದನ್ನು ಭ್ರಮೆ ಎಂದಿರಿ. ಟಿ. ನಗರದ ಸೀರೆ ಅಂಗಡಿಯಲ್ಲಿ, ನಿಮ್ಮ ತಂಗಿಯ ಎದುರಿಗೇ, "ಇವಳ ಕಿವಿಯಾಗೆ ದಿನಾ ಸಂಗೀತ ಕಚೇರಿ" ಎಂದು ನಕ್ಕಿರಿ. ಆಮೇಲೆ ನಾನು ಯಾರಿಗೂ ಹೇಳುವುದನ್ನೇ ಬಿಟ್ಟೆ.

ಕಿವಿಮೊರೆತ ಇರುವವರ ಮಿದುಳಿನ ಸ್ಕ್ಯಾನ್ ಮಾಡಿ ಅಧ್ಯಯನ ನಡೆಸುವವರ ಬಳಿಗೆ ತನುಶ್ರೀ ನನ್ನನ್ನು ಕರೆದೊಯ್ದದ್ದು ನಿಮಗೆ ಗೊತ್ತು. ಸುರಂಗದಂಥ ಯಂತ್ರದೊಳಗೆ ಮಲಗಿಸಿದರು. ಕಿವಿ ಮುಚ್ಚಿದ್ದರೂ ತಗಡು ಬಡಿದಂಥ ಸದ್ದು. ಅದರ ನಡುವೆಯೂ ನನ್ನ ಜೀರುಂಡೆ ಸುಮ್ಮನಾಗಲಿಲ್ಲ. ಹೊರಬಂದವಳೇ, ನನ್ನ ಶಬ್ದ ಕಾಣಿಸಿತೇ ಎಂದು ಅಲ್ಲಿನ ಸಂಶೋಧಕಿ ಪ್ರಣಮ್ಯಾಳನ್ನು ಕೇಳಿದೆ. "ಒಬ್ಬರ ಸ್ಕ್ಯಾನ್ ನೋಡಿ ಅದನ್ನ ಹೇಳೋಕಾಗಲ್ಲ ಆಂಟಿ. ತುಂಬಾ ಜನರದ್ದು ಹೋಲಿಸಿ ನೋಡ್ತೀವಿ. ನೀವು ಕೇಳಿಸುತ್ತೆ ಅಂದ್ರಲ್ಲ, ಅದನ್ನ ನಂಬಿಯೇ ನಮ್ಮ ಕೆಲಸ ಶುರುವಾಗೋದು" ಎಂದಳು. ಗುರುತು ಪರಿಚಯವಿಲ್ಲದ ಹುಡುಗಿ. ನನಗೆ ಅಲ್ಲೇ ಕಣ್ಣು ತುಂಬಿತು.

ಇನ್ನೊಂದು ತಿಳಿಯಿರಿ. ನಿಮ್ಮ ಮೊಬೈಲಿಗೆ ಬಂದ ಆ ಕೆಂಪು ಹಳದಿ ಮಿದುಳಿನ ಚಿತ್ರ ನನ್ನದಲ್ಲ. ಅಲ್ಲಿನ ಗೋಡೆಯ ಮೇಲಿದ್ದುದನ್ನು ತನುಶ್ರೀ ಫೋಟೋ ತೆಗೆದು ಕಳಿಸಿದ್ದಳು. ನೀವು ಮರುಗಿದ್ದು ಕೇಳಿ "ಅಪ್ಪಾ ನಂಬಿಟ್ಟಾರು" ಎಂದು ತಮಿಳಿನಲ್ಲೇ ಕೂಗಿ, ಅಂತೂ ನೀವು ನಂಬಿದಿರೆಂದು ಕುಣಿದಳು. ಯಾರದೋ ತಲೆಯ ಬಣ್ಣ ನೋಡಿ ನಂಬುವ ನಿಮಗೆ, ಇಷ್ಟು ವರ್ಷ ಜೊತೆಗೆ ಬಾಳಿದವಳ ಬಾಯಿಮಾತು ಸಾಲದೇ ಹೋಯಿತೇ? ನಾಳೆ ನನ್ನ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಮತ್ತೆ ಅದು ಭ್ರಮೆಯೇ?

ಸಿಟ್ಟಿದೆ, ಆದರೂ ನೀವು ಹುಷಾರಾಗಿರಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಸುವರ್ಣ

ಮರೆತಿದ್ದೆ. ಮೊನ್ನೆ ಅತ್ತೆಯವರು ಫೋನಿನಲ್ಲಿ ದನಿ ತಗ್ಗಿಸಿ, "ನನ್ನ ಕಿವ್ಯಾಗೂ ಕುಕ್ಕರ್ ಕೂಗಿದಂಗಾಗುತ್ತವ್ವ, ಅವನಿಗೆ ಹೇಳಬ್ಯಾಡ, ನಗ್ತಾನೆ" ಎಂದರು. ಬೇಡವೆಂದರೂ ಹೇಳುತ್ತಿದ್ದೇನೆ. ಕಿವಿ ಡಾಕ್ಟರ ಬಳಿ ಕರೆದೊಯ್ಯಿರಿ. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿ.