ಅವ್ವನ ಪಗಾರ

27 ಸೆಪ್ಟೆಂಬರ್ 2024, ಶುಕ್ರವಾರ

ಇವತ್ತೂ ಮೊದಲ ಪಿರಿಯಡ್‌ಗೆ ಕರೆಂಟ್ ಇಲ್ಲ. ಬೆವರು ಒರೆಸಿಕೊಳ್ಳುತ್ತಲೇ ಸೆಕೆಂಡ್ ಪಿಯುಗೆ ರೆಪೊ ದರ ಮುಗಿಸಿದೆ. ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ. ಅದು ಇಳಿದರೆ ಠೇವಣಿ ಬಡ್ಡಿ ಇಳಿಯುತ್ತದೆ, ಸಾಲ ಅಗ್ಗವಾಗುತ್ತದೆ, ದುಡ್ಡು ಬ್ಯಾಂಕು ಬಿಟ್ಟು ಶೇರುಪೇಟೆ ಕಡೆ ಹೋಗುತ್ತದೆ, ಶೇರು ಏರುತ್ತದೆ. ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುವುದು. ಕೆಲಸಕ್ಕೆ ಸೇರಿದಾಗಿನಿಂದ ಅದೇ ಬಾಣ. ಮಕ್ಕಳು ಆಕಳಿಸುತ್ತವೆ, ನಾನು ಎಳೆಯುತ್ತೇನೆ.

ಸಂಜೆ ಸುರೇಶಕುಮಾರ ಚಿತ್ತಾಪುರಕ್ಕೆ ಬಂದವನು ಮನೆಗೂ ಬಂದ. ನನ್ನ ಹಳೆಯ ವಿದ್ಯಾರ್ಥಿ. ಈಗ ಸೇಡಂನಲ್ಲಿ ಮ್ಯೂಚುವಲ್ ಫಂಡ್ ಏಜೆಂಟ್. ಇಸ್ತ್ರಿ ಅಂಗಿ, ದೊಡ್ಡ ಫೋನು. ಅವ್ವನ ಎಫ್‌ಡಿ ಮಾತು ತೆಗೆದ.

ಕೋಡ್ಲಾದ ಹೊಲ ಸಿಮೆಂಟ್ ಫ್ಯಾಕ್ಟರಿಗೆ ಹೋದಾಗ ಅವ್ವನ ಪಾಲಿಗೆ ಬಂದದ್ದು ಹನ್ನೆರಡು ಲಕ್ಷ. ಅವಳ ಹೆಸರಿನ ಜೊತೆ ನನ್ನ ಹೆಸರೂ ಇದೆ, ವ್ಯವಹಾರವೆಲ್ಲ ನನ್ನ ಕೈಯಲ್ಲೇ. ತಿಂಗಳ ಐದಕ್ಕೆ ಬಡ್ಡಿ ಜಮಾ. ಏಳು ಸಾವಿರದ ಏಳುನೂರ ಐವತ್ತು. ಅವ್ವ ಅದಕ್ಕೆ ಬಡ್ಡಿ ಅನ್ನುವುದಿಲ್ಲ, ಪಗಾರ ಅನ್ನುತ್ತಾಳೆ. ಸೇಡಂನಲ್ಲಿ ಎರಡು ಖೋಲಿಯ ಬಾಡಿಗೆ, ಜೋಳ, ಬಿಪಿ ಗುಳಿಗೆ ಎಲ್ಲ ಅದರಲ್ಲೇ. ತಮ್ಮ ಕಪಿಲ ಶಹಾಬಾದಿಗೆ ಕರೆದ, ಹೋಗಲಿಲ್ಲ. ನಾನು ಕರೆದೆ, ಬರಲಿಲ್ಲ. "ಮಗಳ ದುಡಿಮಿ ಉಣ್ಣಾಂಗಿಲ್ಲ, ಮಗನ ಮನ್ಯಾಗ ಅಡ್ಡಾಗಾಂಗಿಲ್ಲ. ನನ್ನ ಪಗಾರ ನನಗದ" — ಅಷ್ಟೇ ಉತ್ತರ.

ಸುರೇಶಕುಮಾರ ಹೇಳಿದ, "ಮೇಡಂ, ರೆಪೊ ಇನ್ನ ಇಳಿಯೋದೇ ಅದರಿ. ಎಫ್‌ಡಿ ಮುಗದಾಗ ಅಮ್ಮಗ ಈ ಬಡ್ಡಿ ಎಲ್ಲಿ ಸಿಗ್ತದ? ಈಗೇ ಮುರಿರಿ. ಫಂಡಿನ್ಯಾಗ ಹಾಕ್ರಿ. ತಿಂಗಳಾ ಐದಕ್ಕ ಅಷ್ಟೇ ರೊಕ್ಕ ಬರಾಂಗ ಮಾಡಿ ಕೊಡ್ತೀನಿ. ಬಡ್ಡಿ ಇಳದ್ರ ಶೇರು ಏರ್ತಾವಂತ ನೀವೇ ಕ್ಲಾಸಿನ್ಯಾಗ ಹೇಳಿದ್ರಿ."

ನನ್ನ ಬಾಣ ನನಗೇ ತಿರುಗಿಸಿ ತೋರಿಸಿದ. ಹೆಮ್ಮೆಯಾಯಿತು. ಅಷ್ಟು ಮಂದಿಯಲ್ಲಿ ಒಬ್ಬನಾದರೂ ಕೇಳಿಸಿಕೊಂಡಿದ್ದನಲ್ಲ.

8 ಅಕ್ಟೋಬರ್

ಮುರಿದೆ. ಅವಧಿಗೆ ಮೊದಲೇ ಮುರಿದದ್ದಕ್ಕೆ ಬ್ಯಾಂಕು ಸ್ವಲ್ಪ ಕಡಿದುಕೊಂಡಿತು. ಅವ್ವನಿಗೆ ಫೋನಿನಲ್ಲಿ ಹೇಳಿದೆ, ಬೇರೆ ಕಡೆ ಇಡುತ್ತೇನೆ ಅಂತ. "ಏನರ ಮಾಡು. ನೀ ಓದಿದಾಕಿ. ಐದಕ್ಕ ಬಂದ್ರ ಸಾಕು."

5 ನವೆಂಬರ್

ಬಂತು. ಬ್ಯಾಂಕ್ ಖಾತೆಯ ದುಡ್ಡು ಕೊಡುವ ಖಾಜಾಮಿಯಾ ಅಂಗಡಿಯಲ್ಲಿ ಅವ್ವ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಳಂತೆ. ಫಂಡು ಮಾತ್ರ ಇಳಿದಿದೆ. ಪೇಟೆ ಅಂದಮೇಲೆ ಏರಿಳಿತ ಇದ್ದದ್ದೇ. ಇದನ್ನೂ ಕ್ಲಾಸಿನಲ್ಲಿ ಹೇಳುತ್ತೇನೆ.

7 ಫೆಬ್ರವರಿ 2025, ಶುಕ್ರವಾರ

ರಿಸರ್ವ್ ಬ್ಯಾಂಕು ದರ ಇಳಿಸಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಹೇಳಿದೆ. ಗೆದ್ದವಳ ಹಾಗೆ ಟೀ ಕುಡಿದೆ. ಸಂಜೆ ನೋಡಿದರೆ ಶೇರುಪೇಟೆ ಇಳಿದಿದೆ!

ಸುರೇಶಕುಮಾರನಿಗೆ ಫೋನು. "ಪೇಟಿ ಮೊದಲೇ ಲೆಕ್ಕಾ ಹಾಕಿತ್ತರಿ ಮೇಡಂ. ವಿದೇಶದವರು ರೊಕ್ಕ ತಗೊಂಡು ಹೊಂಟಾರ. ಸ್ವಲ್ಪ ತಡೀರಿ." ನನ್ನ ಬಾಣದಲ್ಲಿ ವಿದೇಶದವರು ಇರಲೇ ಇಲ್ಲ.

ಇವರು ವಾಡಿಯಿಂದ ರೈಲ್ವೆ ಡ್ಯೂಟಿ ಮುಗಿಸಿ ಬಂದು ನಕ್ಕರು. "ನಮ್ಮ ಮನಿ ಸಾಲದ ಬಡ್ಡಿ ಇಳೀತದ ತಗೋ. ನಿಮ್ಮವ್ವನಂಥೋರ ಬಡ್ಡಿ ಕಡದು ನಮ್ಮಂಥೋರಿಗಿ ಕೊಡಾಕತ್ತಾರ." ತಮಾಷೆಗೇ ಅಂದದ್ದು. ನನಗೆ ನಗು ಬರಲಿಲ್ಲ.

28 ಫೆಬ್ರವರಿ

ನಾಳೆಯಿಂದ ಪರೀಕ್ಷೆ. ತಯಾರಿಯ ಮಧ್ಯೆ ಆ್ಯಪ್ ತೆರೆದು ತೆರೆದು ನೋಡಿದೆ. ಕೆಂಪು, ಕೆಂಪು. ಅದರ ಮೇಲೆ ತಿಂಗಳಾ ಪಗಾರ ಬೇರೆ ಅಸಲಿನಿಂದಲೇ ಹೋಗುತ್ತಿದೆ. ಇಳಿದ ಬೆಲೆಗೆ ಮಾರಿ ಅವ್ವನಿಗೆ ಕೊಡುತ್ತಿದ್ದೇನೆ. ಅವ್ವನ ದುಡ್ಡನ್ನೇ ಅವ್ವನಿಗೆ ಪಗಾರ ಅಂತ ಕೊಡುವುದು...

ಇವರಿಗೆ ಪೂರ್ತಿ ಹೇಳಿಲ್ಲ.

7 ಏಪ್ರಿಲ್, ಸೋಮವಾರ. ಬೆಳಿಗ್ಗೆ

ಅಮೆರಿಕದವರು ಸುಂಕ ಹಾಕಿದರಂತೆ, ಎಲ್ಲ ದೇಶದ ಪೇಟೆಗಳೂ ಬಿದ್ದಿವೆ. ಟಿವಿಯವನು ಸಾವು ಬಿದ್ದ ಮನೆಯ ಹಾಗೆ ಕೂಗುತ್ತಿದ್ದಾನೆ. ಅವ್ವನ ಹೊಲ, ಅಪ್ಪ ಕಲ್ಲು ಆರಿಸಿ ಆರಿಸಿ ಒಡ್ಡು ಹಾಕಿದ ಹೊಲ, ಈ ಹಾಳು ಫೋನಿನೊಳಗೆ ಕರಗುತ್ತಿದೆ.

ಎಲ್ಲ ಮಾರಿಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಉಳಿದದ್ದು ಒಂಬತ್ತು ಲಕ್ಷ ಚಿಲ್ಲರೆ.

9 ಏಪ್ರಿಲ್

ರಿಸರ್ವ್ ಬ್ಯಾಂಕು ಮತ್ತೆ ದರ ಇಳಿಸಿತು. ಬ್ಯಾಂಕಿನಲ್ಲಿ ಈಗ ಎಫ್‌ಡಿ ಮಾಡಿದರೆ ಮೊದಲಿನ ಬಡ್ಡಿ ಇಲ್ಲ. ಪೇಟೆ ಇನ್ನೊಮ್ಮೆ ಬೀಳಲಿ, ಆಗ ಅಗ್ಗಕ್ಕೆ ಕೊಂಡು ಕಳೆದದ್ದನ್ನು ತೆಗೆಯೋಣ. ಅಲ್ಲಿಯವರೆಗೆ ದುಡ್ಡು ಖಾತೆಯಲ್ಲಿ ಸುಮ್ಮನೆ ಇರಲಿ.

14 ಏಪ್ರಿಲ್

ಬಾಬಾಸಾಹೇಬರ ಜಯಂತಿ. ಸೇಡಂಗೆ ಹೋಗಿದ್ದೆ. ಅವ್ವ ಬಿಳಿ ಸೀರೆಯಲ್ಲಿ ಮೆರವಣಿಗೆಯ ಮುಂದೆ. ಪಕ್ಕದ ಮನೆಯ ಲಾಲಮ್ಮ ಕಾಕಿ ಜೊತೆ. ಕಾಕಿಯ ಗಂಡ ವಾಡಿಯ ಫ್ಯಾಕ್ಟರಿಯಲ್ಲಿ ದುಡಿದು ತೀರಿಕೊಂಡವರು. ಅವರ ಪಿಎಫ್ ದುಡ್ಡು ಬ್ಯಾಂಕಿನಲ್ಲಿದೆ, ಇವಳೂ ಬಡ್ಡಿಯ ಮೇಲೆಯೇ ಬದುಕುವವಳು. ಮಕ್ಕಳಿಲ್ಲ.

ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟು ಕಾಕಿಗೆ ಹೇಳಿದಳು, "ನಮ್ಮಾಕಿ ಕಾಲೇಜಿನ್ಯಾಗ ಇದೇ ಕಲಸ್ತಾಳ. ರೊಕ್ಕ ಎಲ್ಲಿ ಇಡಬೇಕು, ಎಂದ ತಗೀಬೇಕು ಎಲ್ಲಾ ಗೊತ್ತದ ಈಕಿಗಿ."

ಶರಬತ್ತಿನ ಲೋಟ ಕೆಳಗಿಟ್ಟೆ. ಹೇಳಬೇಕಿತ್ತು. ಡೊಳ್ಳು ಹತ್ತಿರ ಬಂತು, ಹೇಳಲಿಲ್ಲ.

5 ಮೇ

ಈ ತಿಂಗಳ ಪಗಾರ ನನ್ನ ಸಂಬಳದಿಂದ ಹಾಕಿದೆ. ಒಂದೇ ತಿಂಗಳ ಮಟ್ಟಿಗೆ. ಪೇಟೆ ಬೀಳುವ ಲಕ್ಷಣ ಕಾಣುತ್ತಿಲ್ಲ, ದಿನಾ ಏರುತ್ತಿದೆ.

6 ಜೂನ್, ಶುಕ್ರವಾರ

ಇವತ್ತು ಒಂದೇ ಏಟಿಗೆ ಅರ್ಧ ಪರ್ಸೆಂಟ್ ಇಳಿಸಿದರು.

ನಾನು ಮಾರಿದ ಫಂಡು ನಾನು ಕೊಂಡಿದ್ದ ಬೆಲೆಗೆ ಹೆಚ್ಚು ಕಡಿಮೆ ಬಂದು ನಿಂತಿದೆ. ಸುಮ್ಮನೆ ಕೈ ಕಟ್ಟಿ ಕೂತಿದ್ದರೆ ಸಾಕಿತ್ತು. ಸುರೇಶಕುಮಾರ, "ಕಾಯಬೇಕಿತ್ತರಿ ಮೇಡಂ" ಅಂದ. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಅವನಿಗೋ ನನಗೋ ಗೊತ್ತಾಗಲಿಲ್ಲ. ಬಾಣ ಸುಳ್ಳಲ್ಲ. ಬಡ್ಡಿ ಇಳಿಯಿತು, ಶೇರು ಏರಿತು. ಎಷ್ಟು ತಿಂಗಳಿಗೆ, ನಡುವೆ ಎಷ್ಟು ಬಿದ್ದು, ಅದನ್ನು ನಾನು ಯಾವತ್ತೂ ಬೋರ್ಡಿನ ಮೇಲೆ ಬರೆದಿರಲಿಲ್ಲ. ಪಠ್ಯದಲ್ಲಿ ಯಾರಿಗೂ ತಿಂಗಳ ಐದನೇ ತಾರೀಖು ಇರುವುದಿಲ್ಲ.

9 ಜೂನ್

ಬ್ಯಾಂಕು ಇನ್ನೂ ಇಳಿಸುವ ಮೊದಲು ಎಲ್ಲ ಎಫ್‌ಡಿಗೆ ಹಾಕಿದೆ. ಮೂರು ವರ್ಷಕ್ಕೆ. ಅಸಲೂ ಕಡಿಮೆ, ಬಡ್ಡಿಯೂ ಕಡಿಮೆ. ತಿಂಗಳಿಗೆ ಐದು ಸಾವಿರಕ್ಕೆ ಸ್ವಲ್ಪ ಒಳಗೆ ಬರುತ್ತದೆ. ಬಾಡಿಗೆ ಕೊಟ್ಟು ಗುಳಿಗೆ ತಂದರೆ ಅವ್ವ ಏನು ತಿನ್ನಬೇಕು?

ರಾತ್ರಿ ಇವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನಿ ಕಂತು ಇಳದದಲ್ಲ. ಅದರಾಗ ಮತ್ತಿಷ್ಟು ಕೂಡಿಸಿ ನಿಮ್ಮವ್ವಗ ಹಾಕು. ಆದ್ರ ಹೇಳಿ ಹಾಕು" ಅಂದರು.

ಹೇಳಿದರೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಖೋಲಿ ಬಿಡಬೇಕು. ಹೇಳದೆಯೇ ಹಾಕುತ್ತೇನೆ. ಪ್ರತಿ ಐದಕ್ಕೆ ಎರಡು ಸಾವಿರದ ಎಂಟುನೂರು.

28 ಸೆಪ್ಟೆಂಬರ್

ಕಾಗಿಣಾ ಹೊಳೆ ತುಂಬಿ ಮಳಖೇಡದ ಹತ್ತಿರ ರಸ್ತೆ ಬಂದ್ ಆಗಿತ್ತು. ನೀರು ಇಳಿದ ಮೇಲೆ ಇವತ್ತು ಸೇಡಂ ಮುಟ್ಟಿದೆ. ಅವ್ವನ ಖೋಲಿ ಸೋರಿಲ್ಲ, ಪುಣ್ಯ. ಬಿಸಿ ರೊಟ್ಟಿ, ಪುಂಡಿಪಲ್ಯ. ಬಾಗಿಲಿಗೆ ಹೊಸ ಪರದೆ ತಂದಿದ್ದಾಳೆ, ಅದನ್ನು ಎರಡು ಸಲ ತೋರಿಸಿದಳು.

"ಲಾಲವ್ವನ ಬ್ಯಾಂಕಿನೋರು ಅಕಿಗಿ ಮುಂದ ಬಡ್ಡಿ ಕಮ್ಮಿ ಅಂತ ಹೇಳ್ಯಾರ. ಓಣ್ಯಾಗ ಎಲ್ಲಾರದೂ ಕಮ್ಮಿ ಆಗಾಕತ್ತದ. ನಂದು ಒಂದ್ ರೂಪಾಯಿ ಆಗಿಲ್ಲ ನೋಡು."

ಕಾಕಿ ಹೊಸ್ತಿಲಲ್ಲಿ ಕೂತು ನನ್ನನ್ನು ನೋಡುತ್ತಿದ್ದಳು. ಡಾಕ್ಟರನ್ನು ನೋಡುವ ಹಾಗೆ. ಮಳೆ ನೆಪ ಮಾಡಿ ಬೇಗ ಹೊರಟೆ.

5 ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಎದ್ದ ಕೂಡಲೇ ಅವ್ವನಿಗೆ ಹಾಕಿದೆ. ಹತ್ತು ಗಂಟೆಗೆ ಸುದ್ದಿ — ದರ ಇನ್ನೂ ಕಾಲು ಪರ್ಸೆಂಟ್ ಇಳಿಯಿತು. ಮಧ್ಯಾಹ್ನ ಅವ್ವನ ಫೋನು.

"ಲಾಲವ್ವನ ಎಫ್‌ಡಿ ಮುಗದದ. ತಿರುಗಿ ಬ್ಯಾಂಕಿನ್ಯಾಗ ಇಡಬ್ಯಾಡ ಅಂತ ಹೇಳೀನಿ. ಐತಾರ ಕರಕೊಂಡು ಬರ್ತೀನಿ. ನಂದು ಹ್ಯಾಂಗ ಮಾಡಿದಿ, ಅಕಿದೂ ಹಂಗೇ ಮಾಡು."

"ಅವ್ವಾ, ಅಕಿದು ಅಲ್ಲೇ ಇರಲಿ."

"ಯಾಕ? ನನಗ ಬರೋದು ಅಕಿಗಿ ಬರಬಾರದೇನು? ಗಂಡ ಧೂಳ ಕುಡದು ಗಳಸಿದ ರೊಕ್ಕದ ಅದು. ನಾ ಮಾತು ಕೊಟ್ಟೀನಿ."

ಫೋನಿಟ್ಟು ಕೂತೆ. ನಾನು ಹಾಕುವ ಎರಡು ಸಾವಿರದ ಎಂಟುನೂರು ನೋಡಿಯೇ ಅವರು ನಂಬಿದ್ದು. ಪೇಪರಿನಲ್ಲಿ ಬರುವ ಮೋಸದ ಸ್ಕೀಮುಗಳೂ ಶುರುವಾಗುವುದು ಹೀಗೇ. ಕಿಸೆಯಿಂದ ಹಾಕಿ ಲಾಭ ಅನ್ನುವುದು, ಆಮೇಲೆ ಜನ ತಾವೇ ಬರುತ್ತಾರೆ. ನಾನು ಮಾಡಿದ್ದು ಅದೇ. ಪ್ರೀತಿಯಿಂದ ಮಾಡಿದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

7 ಡಿಸೆಂಬರ್, ಭಾನುವಾರ. ಸಂಜೆ

ಬಂದರು. ಕಾಕಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಿದ್ದಳು. "ತಗೋ ಯವ್ವಾ, ನಿನ್ನ ಕೈಯಾಗ ಹಾಕಾಕತ್ತೀನಿ" ಅಂತ ನನ್ನ ತೊಡೆಯ ಮೇಲೆ ಇಟ್ಟಳು.

ಅವ್ವನನ್ನು ಒಳಗೆ ಕರೆದು ಹೇಳೋಣ ಅಂದುಕೊಂಡಿದ್ದೆ. ಅವ್ವ ಏಳಲಿಲ್ಲ. "ಏನದ ಇಲ್ಲೇ ಹೇಳು. ಲಾಲವ್ವ ಏನು ಹೊರಗಿನಾಕಿ?"

ಹೇಳಿದೆ. ಮುರಿದದ್ದು, ಬಿದ್ದದ್ದು, ಹೆದರಿ ಮಾರಿದ್ದು, ಈಗ ನಿಜವಾಗಿ ಎಷ್ಟು ಬರುತ್ತದೆ, ಉಳಿದದ್ದು ಯಾರು ಹಾಕುತ್ತಾರೆ. ಎಲ್ಲ.

ಅವ್ವ ಹೋದ ದುಡ್ಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಂದ್ರ ಇಷ್ಟು ದಿನ ನಾ ನಿನ್ನ ಪಗಾರದಾಗ ಉಂಡೀನೇನು?" ಅಂದಳು. ಅಷ್ಟೇ. ಆಮೇಲೆ ಕಾಕಿಯ ಕಡೆ ತಿರುಗಿ, "ನಿನ್ನ ಮುಂದ ಎಷ್ಟು ಹೇಳಕೊಂಡೆನವ್ವಾ ನಾ..."

ಕಾಕಿ ಪಾಸ್‌ಬುಕ್ಕು ಮೆಲ್ಲಗೆ ವಾಪಸ್ ತೆಗೆದುಕೊಂಡಳು. "ಇರ್ಲಿ ಬಿಡಕ್ಕಾ. ಮಾರ್ಕೀಟು ಯಾರ ಮಾತು ಕೇಳ್ತದ."

ಊಟ ಮಾಡಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಕಾಕಿ ಇಬ್ಬರ ಚೀಲವನ್ನೂ ತಾನೇ ಹಿಡಿದಿದ್ದಳು. ಅವ್ವ ಕಿಟಕಿ ಕಡೆ ಕೂತಳು, ಕೆಳಗೆ ನಿಂತ ನನ್ನನ್ನು ನೋಡಲಿಲ್ಲ.

ಕಾಕಿಯ ದುಡ್ಡು ಉಳಿಯಿತು. ಇದೊಂದೇ ಸಮಾಧಾನ. ಸಾಲುತ್ತಿಲ್ಲ.

21 ಡಿಸೆಂಬರ್

ಕಪಿಲ ಫೋನ್ ಮಾಡಿದ್ದ. "ಅಕ್ಕಾ, ಅವ್ವ ಬಂದಾಳ. ಸೇಡಂ ಖೋಲಿ ಖಾಲಿ ಮಾಡಿ, ಭಾಂಡಿ ಎಲ್ಲಾ ಲಾಲಮ್ಮ ಕಾಕಿಗಿ ಕೊಟ್ಟು ಬಂದಾಳ. ಏನಾತು? ಕೇಳಿದ್ರ ಹೇಳವಲ್ಲಳು."

ನಾನೂ ಹೇಳಲಿಲ್ಲ. ಇವನಿಗೆ ಯಾವ ಬಾಯಿಂದ ಹೇಳುವುದು. ಅವ್ವನಿಗೆ ಫೋನು ಕೊಡು ಅಂದೆ. ಮಲಗಿದ್ದಾಳೆ ಅಂದ. ಸಂಜೆ ಆರು ಗಂಟೆಗೆ ಯಾವತ್ತೂ ಮಲಗಿದವಳಲ್ಲ.

5 ಜನವರಿ 2026, ಸೋಮವಾರ

ಕಾಲೇಜಿನಿಂದ ಬರುವಾಗ ಮೆಸೇಜು. ನನ್ನ ಖಾತೆಗೆ ಎರಡು ಸಾವಿರದ ಎಂಟುನೂರು ಜಮಾ. ಕಪಿಲನ ಫೋನಿನಿಂದ. ಅವನಿಗೇ ಫೋನ್ ಹಚ್ಚಿದೆ, ಅವ್ವನಿಗೆ ಕೊಟ್ಟ.

"ಇದ್ಯಾಕ ಹಾಕಿದಿ ಅವ್ವಾ?"

"ನೀ ಕೊಟ್ಟಿದ್ದು ತೀರಲಿ. ತಿಂಗಳಾ ಹಾಕ್ತೀನಿ. ಇಲ್ಲಿ ನನಗೇನು ಖರ್ಚದ? ಬಾಡಿಗಿ ಇಲ್ಲ, ಜ್ವಾಳ ತರೋದಿಲ್ಲ."

ಬೇಡ ಅಂದೆ. ಬೇಡಿಕೊಂಡೆ, ಸಿಟ್ಟು ಮಾಡಿದೆ, ಅತ್ತೆ. ಎಲ್ಲ ಕೇಳಿಸಿಕೊಂಡಳು. ಹಿಂದೆ ಟಿವಿ ಸದ್ದು, ಕಪಿಲನ ಹೆಂಡತಿ ಯಾರ ಜೊತೆಗೋ ನಗುತ್ತಿದ್ದಳು. ಕೊನೆಗೆ, ಊಟ ಆಯಿತಾ ಅಂತ ಕೇಳಿದೆ.

ದನಿ ಇಳಿಸಿ, "ಇನ್ನಾ ಕರದಿಲ್ಲವ್ವಾ."

ಗಂಟೆ ಮೂರೂವರೆ. ಸೇಡಂನಲ್ಲಿ ಈ ಹೊತ್ತಿಗೆ ಅವ್ವ ಉಂಡು, ಭಾಂಡೆ ತೊಳೆದು, ಬಾಗಿಲಲ್ಲಿ ಲಾಲಮ್ಮ ಕಾಕಿ ಜೊತೆ ಮಾತಾಡುತ್ತ ಕೂತಿರುತ್ತಿದ್ದಳು.