ಕೂಸಿನ ಕಾಲಿಗೆ ಕಟ್ಟುವ ಪಟ್ಟಿ

ಕೊಣ್ಣೂರ
೮ ಡಿಸೆಂಬರ್ ೨೦೨೪, ರವಿವಾರ

ಪ್ರೀತಿಯ ತಮ್ಮ ವಿಶಾಲನಿಗೆ, ಅಕ್ಕ ಸರಿತಾಳ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ, ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿದ್ದೇನೆ. ನಿನ್ನ ಮೆಸೇಜು ಬಂದು ಬಹಳ ದಿನವಾಯಿತು, ಉತ್ತರ ಕೊಡಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಮದುವೆಯ ಸೀಜನ್ನು, ಅಂಗಡಿಯಲ್ಲಿ ಬ್ಲೌಸುಗಳ ಗುಡ್ಡ ಬಿದ್ದಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಪೂರ್ತಿಯಾಗಲು ಬಿಡುವುದಿಲ್ಲ, ಸಣ್ಣವನಿದ್ದಾಗಿನಿಂದ ಅದೇ ಚಟ. ಪತ್ರದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ.

ಪೇಪರಿನಲ್ಲಿ ನಿನ್ನ ಫೋಟೊ ನೋಡಿದೆವು. ಪುಣೆಯವರು ನಿನ್ನ ಕಂಪನಿಗೆ ಬಂಡವಾಳ ಹಾಕಿದ್ದಾರೆ, ಕೂಸಿನ ಮೈ ತಣ್ಣಗಾದರೆ ಕೂಗಿ ಹೇಳುವ ನಿನ್ನ ಪಟ್ಟಿ ಇನ್ನು ಬೇರೆ ಜಿಲ್ಲೆಗಳ ಆಸ್ಪತ್ರೆಗಳಿಗೂ ಹೋಗುತ್ತದೆ ಎಂದು ಬರೆದಿದ್ದರು. ನಮ್ಮವ್ವ ಪದ್ಮವ್ವ ಬದುಕಿದ್ದರೆ ಆ ಪೇಪರು ಹಿಡಿದು ಓಣಿಯ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ನಿಡಸೋಸಿ ಕಾಲೇಜಿನಲ್ಲಿ ಓದುವಾಗ ನನ್ನ ಮಿಕ್ಸರ್ ರಿಪೇರಿ ಮಾಡುತ್ತೇನೆಂದು ಒಯ್ದು, ಬಿಚ್ಚಿ, ಮತ್ತೆ ಜೋಡಿಸಲಾಗದೆ ಚೀಲದಲ್ಲಿ ತುಂಬಿ ತಂದುಕೊಟ್ಟವನು ಇವನೇ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಕಂಪನಿಯ ಮಾನ ಉಳಿಸಿದ್ದೇನೆ.

ನೀನು ಹೇಳಿದಂತೆ ಬಟ್ಟೆಯ ಪಟ್ಟಿಗಳನ್ನು ಹೊಲಿದು ಕಳಿಸಿದ್ದೇನೆ. ರಬ್ಬರಿನದು ಕಟ್ಟಿದರೆ ಚರ್ಮ ಕೆಂಪಾಗುತ್ತದೆಂದು ಮೂಡಲಗಿಯ ತಾಯಂದಿರು ಬಿಚ್ಚಿಡುತ್ತಿದ್ದರಲ್ಲ, ಈಗ ಬಿಚ್ಚುತ್ತಿಲ್ಲವಂತೆ. ಹುಕ್ಕೇರಿಯಿಂದ ನಾದಿನಿ ಅನ್ನಪೂರ್ಣಾ ಫೋನ್ ಮಾಡಿದ್ದಳು. ಅವರ ಬಾಜೂ ಮನೆಯ ಬಾಣಂತಿಗೆ ಆಸ್ಪತ್ರೆಯವರು ಪಟ್ಟಿ ಕೊಟ್ಟು ಕಳಿಸಿದ್ದರಂತೆ. "ಎಲ್ಲಾರೂ ಕೂಸು ಮಲಗೇತಿ ಅಂತ ಸುಮ್ಮನ ಇದ್ದರಂತ ವೈನಿ. ಪಟ್ಟಿ ಒದರಾಕ ಹತ್ತಿತಂತ. ಮುಟ್ಟಿ ನೋಡಿದರ ಮೈ ತಣ್ಣಗ. ತಾಯಿ ಎದಿಗೆ ಅವಚಿಕೊಂಡು ಕುಂತಳಂತ, ಈಗ ಕೂಸು ಚಲೋ ಐತಿ," ಎಂದಳು. ಫೋನಿಟ್ಟು ನಾನು ಮಷಿನ್ನಿನ ಮುಂದೆ ಕೂತು ಅತ್ತುಬಿಟ್ಟೆ. ಸಂತೋಷವೂ ಇತ್ತು, ಮತ್ತೊಂದೂ ಇತ್ತು. ನಮ್ಮ ಕೂಸು ತಣ್ಣಗಾದಾಗ ನಾವೂ ನಿದ್ದೆ ಮಾಡುತ್ತಿದೆ ಎಂದುಕೊಂಡೇ ಸುಮ್ಮನಿದ್ದೆವು. ನಮಗೆ ಹೇಳಲು ಯಾವ ಪಟ್ಟಿಯೂ ಇರಲಿಲ್ಲ. ಅವಳಿಗಾಗಿಯೇ ನೀನು ಇದನ್ನು ಮಾಡಿದ್ದೀ ಎಂಬುದು ನನಗೆ ಚೆನ್ನಾಗಿ ಗೊತ್ತು, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ನೀನು ಕೇಳಿದ ಮಾತು. ಮುಂದಿನ ರವಿವಾರ ಗೋಕಾಕದಲ್ಲಿ ಕಾರ್ಯಕ್ರಮ, ಪುಣೆಯವರೂ ಬರುತ್ತಾರೆ, ನಾನು ವೇದಿಕೆ ಹತ್ತಿ ಕೂಸು ಕಳೆದುಕೊಂಡ ತಾಯಿಯಾಗಿ ನಾಲ್ಕು ಮಾತು ಹೇಳಬೇಕು ಎಂದಿದ್ದೀ. ಹೀಗೆ ಮಾತಾಡು ಎಂದು ಹುಬ್ಬಳ್ಳಿಯ ಸಭೆಯಲ್ಲಿ ನೀನು ಮಾಡಿದ ಭಾಷಣದ ವಿಡಿಯೊ ಕಳಿಸಿದ್ದೀ. ಅದನ್ನು ಮನೆಯವರೆಲ್ಲ ಕೂತು ನೋಡಿದೆವು. ಚೆನ್ನಾಗಿ ಮಾತಾಡುತ್ತೀ ವಿಶಾಲ, ಇಷ್ಟು ಚೆನ್ನಾಗಿ ಎಲ್ಲಿ ಕಲಿತೆಯೋ. "ನಮ್ಮ ಮನೆಯಲ್ಲಿ ಸಾನ್ವಿ ಎಂಬ ಪುಟ್ಟ ಕೂಸಿತ್ತು" ಎಂದು ನೀನು ಶುರು ಮಾಡಿದೆ. ಕೊನೆಗೆ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಮ್ಮ ಅತ್ತೆ ಸತ್ತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಪಾಪ, ಸಾನ್ವಿ ಅಂದ್ರ ಯಾರವ್ವಾ? ನಿಮ್ಮ ತವರಮನ್ಯಾಗ ಆ ಹೆಸರಿನ ಕೂಸು ಇತ್ತೇನು?"

ನಾನು, "ಹೌದ್ರಿ, ಇತ್ತರಿ," ಎಂದೆ. ನಿನ್ನ ಭಾವ ಗಜಾನನ ಎದ್ದು ಹೊರಗೆ ಹೋಗಿ, ಮುಂಜಾನೆಯಷ್ಟೇ ತೊಳೆದಿದ್ದ ಬೈಕನ್ನು ಮತ್ತೆ ಒರೆಸತೊಡಗಿದರು.

ಆಮೇಲೆ ಊಟಕ್ಕೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಹೋಗೋದು ಬಿಡೋದು ನಿನಗ ಬಿಟ್ಟಿದ್ದು. ಹೋಗೂದಾದರ ನಾ ಕರಕೊಂಡ ಹೋಗತೀನಿ."

ಹಾಗಾಗಿ ಬರುತ್ತೇನೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದರೆ ತಡವಾದೀತು, ಬೇಗನೇ ಹೊರಡುತ್ತೇವೆ. ಆದರೆ ನನ್ನ ಕೈಯಲ್ಲಿ ಮೈಕು ಕೊಡಬೇಡ. ಯಾವಳಾದರೂ ತಾಯಿ ಕೂಸನ್ನು ಎತ್ತಿಕೊಂಡು ಬಂದಿರುತ್ತಾಳಲ್ಲ, ಆ ಕೂಸಿನ ಕಾಲಿಗೆ ಪಟ್ಟಿ ಹೇಗೆ ಕಟ್ಟಬೇಕೆಂದು ಎಲ್ಲರಿಗೂ ತೋರಿಸುತ್ತೇನೆ. ಅಷ್ಟು ಮಾಡಲು ನನಗೆ ಹೆಮ್ಮೆಯೇ ಇದೆ. ಸಾನ್ವಿಯ ತಾಯಿ ಎಂದು ಮಾತ್ರ ಕೂಗಿ ಕರೆಯಬೇಡ, ನಾನು ಏಳುವುದಿಲ್ಲ.

ನಿನ್ನ ಕೆಲಸ ಬೆಳೆಯಲಿ, ನಿನ್ನ ಪಟ್ಟಿ ಕಟ್ಟಿಕೊಂಡ ಕೂಸುಗಳೆಲ್ಲ ದೊಡ್ಡವಾಗಿ ಮನೆ ತುಂಬ ಗದ್ದಲ ಹಾಕಲಿ. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಜೊತೆಗೇ ಕೊಣ್ಣೂರಿಗೆ ಬಾ. ರೊಟ್ಟಿ, ಎಣಗಾಯಿ ಮಾಡಿರುತ್ತೇನೆ.

ನಿನ್ನ ಅಕ್ಕ,
ಸರಿತಾ

ತಾ.ಕ.: ಸಿಟ್ಟಿನಿಂದ ಬರೆಯುತ್ತಿಲ್ಲ, ಸಮಾಧಾನದಿಂದ ಓದು. ತೊಟ್ಟಿಲಿಗೆ ಹಾಕುವ ಮೊದಲೇ ಹೋದವಳು, ಅವಳಿಗೆ ಹೆಸರೇ ಇರಲಿಲ್ಲ. "ಮಂದಿ ಹೆಸರು ಕೇಳತಾರ ಅಕ್ಕಾ," ಎನ್ನುತ್ತೀ. ಕೇಳಲಿ. ಇನ್ನೂ ಇಟ್ಟಿರಲಿಲ್ಲ ಎಂದು ಹೇಳು, ಅದೇ ಖರೆ. ಚಪ್ಪಾಳೆಯ ನಡುವೆ ನನ್ನ ಮಗಳಿಗೆ ಯಾರದೋ ಹೆಸರು ಬಿತ್ತಲ್ಲ, ಅದರಿಂದ ನನಗೆ ಬಹಳ ನೋವಾಯಿತು. ತೊಟ್ಟಿಲಿಗೆ ಹಾಕುವ ದಿನ ಅನ್ನಪೂರ್ಣಾ ಹುಕ್ಕೇರಿಯಿಂದ ಬಂದು, ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಮೊದಲು ತಾನೇ ಹೆಸರು ಹೇಳಬೇಕಿತ್ತು, ಪದ್ಧತಿಯಂತೆ ನಾವು ಹೆಂಗಸರೆಲ್ಲ ನಕ್ಕು ಅವಳ ಬೆನ್ನಿಗೆ ಗುದ್ದಬೇಕಿತ್ತು. ಅದು ಆಗಲಿಲ್ಲ. ಹಾಗಾಗಿ ನಾನೂ ನಿನ್ನ ಭಾವನೂ ಆರಿಸಿಟ್ಟಿದ್ದ ಹೆಸರನ್ನು ಇಂದಿಗೂ ಬಾಯಿಬಿಟ್ಟು ಅಂದಿಲ್ಲ. ಪದ್ಮಾ, ನಮ್ಮವ್ವನ ಹೆಸರು. ಅವಳ ಸೋದರಮಾವ ನೀನು, ನಿನಗೆ ಗೊತ್ತಿರಲಿ ಎಂದು ಬರೆದೆ. ವೇದಿಕೆಯ ಮೇಲೆ ಹೇಳಬೇಡ.