ತಪ್ಪಿದ ಮಾತ್ರೆ

ಚಂದ್ರಣ್ಣ,

ಬಣ್ಣ ತರಲು ಹೋದ ನೀನು ಫೋನ್ ಎತ್ತುತ್ತಿಲ್ಲ. ಅಮ್ಮನಿಗೆ ಮತ್ತೆ ಫಿಟ್ಸ್ ಬಂತು. ಎರ್ರಿಸ್ವಾಮಿಯ ಆಟೋದಲ್ಲಿ ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಮಧ್ಯಾಹ್ನದ ಮಾತ್ರೆ ಹಾಗೇ ಇದೆ. ಎಬ್ಬಿಸಿ ಕೂರಿಸಿ ಕೊಟ್ಟರೆ ನಿನ್ನ ಚಿತ್ರಕ್ಕೆಂದು ಅವಳು ಕೈ ಇಟ್ಟುಕೊಂಡ ರೀತಿ ಬದಲಾಗುತ್ತದೆಂದು ನೀನು ಕೊಡಲಿಲ್ಲವಂತೆ. ಅವಳೇ ಹೇಳಿದಳು, ದೂರಿನಂತೆ ಅಲ್ಲ.

ಅನ್ನ ಮುಚ್ಚಿಟ್ಟಿದ್ದೇನೆ, ಉಂಡು ಬಾ. ಅವಳ ಸ್ವೆಟರ್, ಆಧಾರ್ ಕಾರ್ಡ್ ತಾ. ಕುಂಚ ಅದ್ದಿದ ಲೋಟವನ್ನು ಕುಡಿಯುವ ಲೋಟಗಳ ಜೊತೆ ಇಡಬೇಡ.

ಚಿತ್ರದ ಮೇಲೆ ಬಿಸಿಲು ಬೀಳುತ್ತಿತ್ತು, ಒಳಗೆ ತಂದಿಟ್ಟಿದ್ದೇನೆ. ತುಂಬಾ ಚೆನ್ನಾಗಿ ಬಂದಿದೆ. ಅದೇ ನನಗೆ ಭಯ.

ಅಮ್ಮ ಮಂಪರಿನಲ್ಲೂ ಕೇಳುತ್ತಿದ್ದಾಳೆ: "ಕೈ ಬರೆಯೋದು ಬಾಕಿ ಐತಲ್ಲೇ? ಆಸ್ಪತ್ರೆಯಾಗೆ ಅಲುಗಾಡದಂಗೆ ಮಲಗಿರ್ತೀನಿ, ಬಂದು ಬರ್ಕಳ್ಳಾಕೆ ಹೇಳು."

ಅವಳು ಹೇಳಿದ್ದನ್ನು ಹೇಳಿದ್ದೇನೆ. ನೀನು ಪೆನ್ಸಿಲ್ ಬಿಟ್ಟು ಬಾ.

ಸ್ವಾತಿ